ಅಂಟಿಕೊಳ್ಳುವ ಮೊದಲು ಬನ್ನಿ

(ಶಿರಸಿಯ ಒಂದು ಓದುಗರ ಬಳಗದಲ್ಲಿ ಮಳೆಗಾಲದ ಭಾನುವಾರ ಸಂಜೆ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಊಟದ ಬಗ್ಗೆ ಮಾತಾಡಿ ಅಂತ ಕರೆದಾಗ ಬಳಗದವರ ಮನಸ್ಸಿನಲ್ಲಿ ಅಪ್ಪೆಹುಳಿಯೋ ತೊಡದೇವೋ ಇದ್ದಿರಬೇಕು. ನಾನು ಸ್ಪಾಗೆಟ್ಟಿ ಅಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ "ಆಯ್ತು ಟೀಚರ್, ನಿಮ್ಮಿಷ್ಟ" ಅಂದರು. ಆ ದನಿ ನನಗೆ ಚೆನ್ನಾಗಿ ಗೊತ್ತು. 32 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ನಾನು. ಶನಿವಾರ ಮಧ್ಯಾಹ್ನ ಹೋಮ್‌ವರ್ಕ್ ಕೊಟ್ಟಾಗ ಮಕ್ಕಳು ಅದೇ ದನಿಯಲ್ಲಿ ಆಯ್ತು ಅನ್ನುತ್ತಿದ್ದರು.

ನಾನು ಹುಟ್ಟಿ ಬೆಳೆದದ್ದು ಕಾರವಾರದ ಕೋಡಿಬಾಗದಲ್ಲಿ. ಮೀನು ಬೇಯುವ ಮನೆ. ಕೆಲಸ ಸಿಕ್ಕಿದ್ದು ಇಲ್ಲಿ, ಶಿರಸಿಯಲ್ಲಿ. ಬಾಡಿಗೆಗೆ ಸಿಕ್ಕಿದ್ದು ಹವ್ಯಕರ ಮನೆಯ ಪಕ್ಕದ ಎರಡು ಕೋಣೆ. ಹಾಗಾಗಿ ಘಟ್ಟದ ಕೆಳಗಿನ ಅಡುಗೆಮನೆಯೂ ಗೊತ್ತು, ಮೇಲಿನದ್ದೂ ಗೊತ್ತು. ಇವತ್ತು ಎರಡೂ ಮಾತಿನಲ್ಲಿ ಬರುತ್ತವೆ.

ನನ್ನ ಮಾಮ ಹಡಗಿನಲ್ಲಿ ಅಡುಗೆಯವನಾಗಿದ್ದ. ಹಡಗಿನ ಜನ ಅಡುಗೆಯವನನ್ನು ಭಂಡಾರಿ ಅನ್ನುತ್ತಾರೆ. 1972ರಲ್ಲಿ, ನಾನು ನಾಲ್ಕನೇ ಕ್ಲಾಸಿನಲ್ಲಿದ್ದೆ, ಊರಿಗೆ ರಜೆಯ ಮೇಲೆ ಬರುತ್ತಿದ್ದ ಜೊತೆಗಾರನ ಕೈಯಲ್ಲಿ ಮಾಮ ಒಂದು ಪೊಟ್ಟಣ ಕಳಿಸಿದ. ನೀಲಿ ಕಾಗದದ ಪೊಟ್ಟಣ. ಒಳಗೆ ಕಸಬರಿಗೆ ಕಡ್ಡಿಯಂಥ ಹಳದಿ ಕಡ್ಡಿಗಳು. ಚೀಟಿ ಏನೂ ಇರಲಿಲ್ಲ. ಆಯಿ, ಅಂದರೆ ನಮ್ಮಮ್ಮ, ಒಂದು ಕಡ್ಡಿ ಮುರಿದು ಬಾಯಿಗೆ ಹಾಕಿಕೊಂಡಳು. "ಗೋಧಿ ಶ್ಯಾವಿಗೆ" ಅಂದಳು. ಅಷ್ಟು ಗೊತ್ತಾದ ಮೇಲೆ ಇನ್ನೇನು? ಎಲ್ಲ ಮುರಿದು ತುಪ್ಪದಲ್ಲಿ ಹುರಿದು, ಬೆಲ್ಲ ಹಾಕಿ, ಕಾಯಿಹಾಲು ಹಾಕಿ ಪಾಯಸ ಮಾಡಿದಳು. ಬೆಲ್ಲ ಮೊದಲೇ ಬಿದ್ದಿತ್ತಲ್ಲ, ಎಷ್ಟು ಕುದಿಸಿದರೂ ಅದು ಪೂರ್ತಿ ಬೇಯಲಿಲ್ಲ. ಅಜ್ಜಿ ಒಂದು ಚಮಚ ತಿಂದು, "ಅಷ್ಟು ದೂರದಿಂದ ಬಂದು ಹಲ್ಲಿಗೆ ಕೆಲಸ ಕೊಡ್ತದಲ್ಲ ಇದು!" ಅಂದಳು.

ಆ ಮಾತನ್ನು ನೆನಪಿಟ್ಟುಕೊಳ್ಳಿ. ಸ್ಪಾಗೆಟ್ಟಿ ಸರಿಯಾಗಿ ಬೆಂದಿದೆ ಅನ್ನುವುದಕ್ಕೆ ಇಟಲಿಯವರು ಹೇಳುವ ಮಾತು 'ಅಲ್ ದೆಂತೆ'. ಅದರ ಅರ್ಥ 'ಹಲ್ಲಿಗೆ'. ಕಚ್ಚಿದರೆ ನಡುವೆ ಸ್ವಲ್ಪ ಗಟ್ಟಿ ಸಿಗಬೇಕು. ನಮ್ಮಜ್ಜಿ ದೂರು ಹೇಳಿದ್ದಳು. ಇಟಲಿಯ ಅಜ್ಜಿಯಾಗಿದ್ದರೆ ಅದೇ ಮಾತು ಹೊಗಳಿಕೆ ಆಗುತ್ತಿತ್ತು.

ನಮ್ಮಾಯಿಗೆ ಗೊತ್ತಾಗಲಿಲ್ಲ ಅಂತ ನಗಬೇಡಿ. 1957ರ ಏಪ್ರಿಲ್ 1ರಂದು ಬಿಬಿಸಿ ಟಿವಿ ಒಂದು ಪುಟ್ಟ ವರದಿ ತೋರಿಸಿತು. ಸ್ವಿಟ್ಜರ್ಲೆಂಡಿನಲ್ಲಿ ಒಂದು ಕುಟುಂಬ ಮರದಿಂದ ಸ್ಪಾಗೆಟ್ಟಿ ಕೊಯ್ಲು ಮಾಡುತ್ತಿದೆ, ಬಿಸಿಲಿಗೆ ಹರಡುತ್ತಿದೆ. ಈ ಸಲ ಫಸಲು ಚೆನ್ನಾಗಿದೆಯಂತೆ. ಏಪ್ರಿಲ್ ಫೂಲ್ ಅದು. ಆದರೆ ಆಗಿನ ಬ್ರಿಟನ್ನಿನಲ್ಲಿ ಸ್ಪಾಗೆಟ್ಟಿ ಬಲ್ಲವರು ಕಡಿಮೆ. ಈ ಮರ ಬೆಳೆಸುವುದು ಹೇಗೆ ಅಂತ ಎಷ್ಟೋ ಜನ ಫೋನ್ ಮಾಡಿ ಕೇಳಿದರು. ನಮ್ಮಾಯಿ ಕಡೇ ಪಕ್ಷ ಅದು ಗೋಧಿ ಅಂತ ಕಂಡುಹಿಡಿದಿದ್ದಳು.

ಹೆಸರಿನ ವಿಷಯ ಬೇಗ ಮುಗಿಸುತ್ತೇನೆ. ಇಟಾಲಿಯನ್ ಭಾಷೆಯಲ್ಲಿ 'ಸ್ಪಾಗೊ' ಅಂದರೆ ಹುರಿ, ದಾರ. ಸ್ಪಾಗೆಟ್ಟಿ ಅಂದರೆ ಸಣ್ಣ ದಾರಗಳು. ಮಾಡುವುದು ಡುರಮ್ ಅನ್ನುವ ಗಟ್ಟಿ ಗೋಧಿಯ ರವೆಯಿಂದ. ನಾವು ಉಪ್ಪಿಟ್ಟಿಗೆ ತರುವ ಬನ್ಸಿ ರವೆ ಇದೆಯಲ್ಲ, ಅದು ಈ ಜಾತಿಯ ಗೋಧಿಯದ್ದೇ. ಸ್ಪಾಗೆಟ್ಟಿಯಂಥವಕ್ಕೆಲ್ಲ ಒಟ್ಟು ಹೆಸರು ಪಾಸ್ತಾ. ಒಣ ಪಾಸ್ತಾವನ್ನು ಡುರಮ್‌ನಿಂದಲೇ ಮಾಡಬೇಕು ಅಂತ ಇಟಲಿಯಲ್ಲಿ 1967ರಲ್ಲಿ ಕಾನೂನೇ ಬಂತು. ಇದನ್ನು ಮಾರ್ಕೊ ಪೋಲೊ ಚೀನಾದಿಂದ ತಂದ ಅಂತ ನೀವು ಕೇಳಿರಬಹುದು. ನಾನೂ ಕ್ಲಾಸಿನಲ್ಲಿ ಒಂದೆರಡು ಸಲ ಹೇಳಿಬಿಟ್ಟಿದ್ದೆ. ತಪ್ಪು. ಅವನು ವಾಪಸ್ ಬಂದದ್ದು 1295ರಲ್ಲಿ. 1279ರಲ್ಲೇ ಜಿನೋವಾದಲ್ಲಿ ಒಬ್ಬ ಸತ್ತವನ ಆಸ್ತಿಪಟ್ಟಿಯಲ್ಲಿ ಒಂದು ಬುಟ್ಟಿ ಮ್ಯಾಕರೋನಿ ಅಂತ ಬರೆದಿದೆ. ಅದಕ್ಕೂ ಮೊದಲು, 1154ರಲ್ಲಿ, ಅಲ್ ಇದ್ರಿಸಿ ಅನ್ನುವ ಅರಬ್ ಭೂಗೋಳ ಪಂಡಿತ ಸಿಸಿಲಿಯ ತ್ರಾಬಿಯಾ ಊರಿನ ಬಗ್ಗೆ ಬರೆದ. ಅಲ್ಲಿ 'ಇತ್ರಿಯಾ' ಅನ್ನುವ ಗೋಧಿ ಎಳೆಗಳನ್ನು ಮಾಡಿ ಹಡಗಿನಲ್ಲಿ ತುಂಬಿ ದೂರದೂರಕ್ಕೆ ಕಳಿಸುತ್ತಾರೆ ಅಂತ. ಅಂದರೆ ಒಣಗಿಸಿದ ಎಳೆ ಮೊದಲಿಂದಲೂ ಹಡಗಿನ ಸರಕು. ನಮ್ಮ ಮನೆಗೂ ಅದು ಹಡಗಿನಲ್ಲೇ ಬಂತು.

ಈಗ ಮಾಮ ಬಂದ ಕಥೆ.

ಮರುವರ್ಷ ರಜೆಯಲ್ಲಿ ಅವನೇ ಬಂದ, ಇನ್ನೆರಡು ಪೊಟ್ಟಣ ಹಿಡಿದುಕೊಂಡು. ಪಾಯಸದ ಸುದ್ದಿ ಕೇಳಿ ಹಣೆ ಚಚ್ಚಿಕೊಂಡ. "ನಾಳೆ ಅಡುಗೆ ನಂದು" ಅಂದ. ಬೆಳಿಗ್ಗೆ ಇಳಿತದ ಹೊತ್ತಿಗೆ ಕಾಳಿ ನದಿಯ ದಂಡೆಗೆ ಹೋಗಿ ಬಳಚು ತಂದ. ಮನೆಯ ಕೊಂಕಣಿಯಲ್ಲಿ ನಾವು ಅದಕ್ಕೆ ತಿಸ್ರ್ಯೊ ಅನ್ನುತ್ತೇವೆ. ಶಿರಸಿಯವರಿಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ, ನಿಮ್ಮ ಊರ ಹತ್ತಿರ ಹುಟ್ಟುವ ಅಘನಾಶಿನಿ ಕುಮಟಾ ತಾಲ್ಲೂಕಿನಲ್ಲಿ ಸಮುದ್ರ ಸೇರುತ್ತದಲ್ಲ, ಆ ಹಿನ್ನೀರಿನಲ್ಲಿ ಬಳಚು ಆಯುವುದೇ ಎಷ್ಟೋ ಮನೆಗಳ ಜೀವನ. ಎರಡು ಚಿಪ್ಪಿನ ಪುಟ್ಟ ಜೀವಿ. ಉಪ್ಪುನೀರಿನಲ್ಲಿ ಒಂದೆರಡು ಗಂಟೆ ಬಿಟ್ಟರೆ ಒಳಗಿನ ಮರಳು ಕಕ್ಕುತ್ತದೆ. ನೇಪಲ್ಸ್‌ನವರು ಹೀಗೇ ಮಾಡುತ್ತಾರಂತೆ. ಸ್ಪಾಗೆಟ್ಟಿಗೆ ಬಳಚು ಹಾಕುವುದು ಅಲ್ಲಿನ ಹಳೇ ಅಡುಗೆ, 'ವೊಂಗೊಲೆ' ಅಂತ. ಮಾಮ ಕಲಿತದ್ದು ಅಲ್ಲೇ.

ನೀರು ಕಾಯಿಸುವ ಹಂಡೆಯಂಥ ಪಾತ್ರೆಗೆ ನೀರು ತುಂಬಿದ. ಇಷ್ಟು ನೀರು ಯಾಕೆ ಅಂತ ಆಯಿಗೆ ಕಸಿವಿಸಿ. ಒಂದು ಮುಷ್ಟಿ ಉಪ್ಪು ಹಾಕಿದ. ಅದಕ್ಕೂ ಕಸಿವಿಸಿ. ಲೆಕ್ಕ ಸುಲಭ. 100 ಗ್ರಾಂ ಸ್ಪಾಗೆಟ್ಟಿಗೆ 1 ಲೀಟರ್ ನೀರು, 10 ಗ್ರಾಂ ಉಪ್ಪು. ಕಡ್ಡಿಗಳನ್ನು ಮುರಿಯದೆ ಪಾತ್ರೆಯಲ್ಲಿ ನಿಲ್ಲಿಸಿದ. ಕೆಳಗಿನ ಭಾಗ ಮೆತ್ತಗಾದ ಹಾಗೆ ಇಡೀ ಕಟ್ಟು ಸುಸ್ತಾದ ಮಗುವಿನಂತೆ ಬಗ್ಗಿ ನೀರಿನೊಳಗೆ ಮಲಗಿತು. ಪಕ್ಕದ ಒಲೆಯಲ್ಲಿ ಬಾಣಲೆ. ಆಲಿವ್ ಎಣ್ಣೆ ಎಲ್ಲಿಂದ ತರುವುದು? ತೆಂಗಿನೆಣ್ಣೆ. ಜಜ್ಜಿದ ಬೆಳ್ಳುಳ್ಳಿ, ಎರಡು ಒಣಮೆಣಸು, ಬಳಚು. ಮೇಲೆ ಮುಚ್ಚಳ. ನಾಲ್ಕೈದು ನಿಮಿಷಕ್ಕೆ ಚಿಪ್ಪುಗಳು ಟಕ್ ಟಕ್ ಅಂತ ಬಾಯಿ ಬಿಟ್ಟವು. ಬಿಡದೇ ಇದ್ದವನ್ನು ಆರಿಸಿ ಎಸೆದ. ಸ್ಪಾಗೆಟ್ಟಿ ಬೆಂದ ನೀರನ್ನು ಎರಡು ಸೌಟು ತೆಗೆದಿಟ್ಟು, ಉಳಿದದ್ದನ್ನು ಬಸಿದು, ಎಲ್ಲ ಬಾಣಲೆಗೆ ಸುರಿದು ಕುಲುಕಿದ.

ಆಮೇಲೆ ಅಡುಗೆಮನೆ ಬಾಗಿಲಲ್ಲಿ ನಿಂತು ಕೂಗಿದ.

ಅಪ್ಪ ಜಗುಲಿಯಲ್ಲಿ ಪೇಪರ್ ಓದುತ್ತಿದ್ದರು. "ಬಂದೆ" ಅಂದರು. ನಮ್ಮಪ್ಪನ 'ಬಂದೆ'ಗೆ ಹತ್ತು ನಿಮಿಷ ಬೆಲೆ. ಮಾಮ, "ಭಾವ, ಬಂದೆ ಅಂದ್ರೆ ಆಗೋದಿಲ್ಲ, ಬನ್ನಿ" ಅಂದ. ಭಾವನಿಗೆ ಹಾಗೆ ಹೇಳಿದ್ದನ್ನು ನಾವ್ಯಾರೂ ಕೇಳಿರಲಿಲ್ಲ. ಅಪ್ಪ ಬಂದರು. ನಾವು ಮಕ್ಕಳು ಕೂತಾಗಿತ್ತು. ಅಜ್ಜಿ ಗೋಡೆಗೆ ಒರಗಿ ಕೂತಳು. ಆಯಿ ಸೌಟು ಹಿಡಿದು ಬಡಿಸಲು ನಿಂತಳು. ಮಾಮ ಸೌಟು ಕಿತ್ತುಕೊಂಡ. "ಅಕ್ಕ, ನೀನೂ ಕೂರು. ಆಮೇಲೆ ತಿಂತೇನೆ ಅಂದ್ರೆ ಇದು ಹಗ್ಗ ಆಗ್ತದೆ."

ಆ ದಿನದ ರುಚಿ ನನಗೆ ನೆನಪಿಲ್ಲ. ಆಯಿ ನಮ್ಮ ಸಾಲಿನಲ್ಲಿ ಕೂತು ಬಿಸಿ ಬಿಸಿ ತಿಂದದ್ದು ನೆನಪಿದೆ. ಅವಳು ಎರಡು ಸಲ ಎದ್ದಳು. ಒಮ್ಮೆ ನೀರು ತರಲು. ಇನ್ನೊಮ್ಮೆ ಸುಮ್ನೆ.

ಇಷ್ಟು ವರ್ಷವಾದರೂ, ಇಷ್ಟು ದೇಶಗಳಲ್ಲಿ ಮನೆಮಂದಿಯ ಊಟ ಅಂದರೆ ಸ್ಪಾಗೆಟ್ಟಿ ಅಂತ ಯಾಕೆ ಉಳಿದುಕೊಂಡಿದೆ? ಅಗ್ಗ, ಬೇಗ ಆಗುತ್ತದೆ, ಡಬ್ಬದಲ್ಲಿ ಕೆಡದೆ ಇರುತ್ತದೆ, ಮಕ್ಕಳಿಗೆ ಇಷ್ಟ. ಇವೆಲ್ಲ ನಿಜ. ಆದರೆ ಅವಲಕ್ಕಿಗೂ ಇದನ್ನೇ ಹೇಳಬಹುದು. ಸ್ಪಾಗೆಟ್ಟಿಯ ಗುಟ್ಟು ಬೇರೆ ಅಂತ ನನ್ನ ಅಂದಾಜು. ಅದು ಎಲ್ಲರಿಗೂ ಒಂದೇ ಸಲಕ್ಕೆ ಬೇಯುತ್ತದೆ. ಮತ್ತೆ, ಬೆಂದ ಮೇಲೆ ಯಾರಿಗೂ ಕಾಯುವುದಿಲ್ಲ. ಅಡುಗೆ ಮಾಡಿದವಳಿಗೂ ಸೇರಿ.

ಇದರ ವಿಜ್ಞಾನ ಸ್ವಲ್ಪ ಹೇಳುತ್ತೇನೆ, ಹಳೇ ಚಟ. ಡುರಮ್ ಗೋಧಿಯಲ್ಲಿ ಪ್ರೋಟೀನ್ ಜಾಸ್ತಿ. ಕಲಸಿದಾಗ ಆ ಪ್ರೋಟೀನು ಬಲೆಯ ಹಾಗೆ ಹೆಣೆದುಕೊಂಡು ಪಿಷ್ಟದ ಕಣಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಕುದಿಯುವ ನೀರಿನಲ್ಲಿ ಪಿಷ್ಟ ನೀರು ಕುಡಿದು ಉಬ್ಬುತ್ತದೆ. ಎಳೆ ತನ್ನ ತೂಕದ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಆಗುತ್ತದೆ. ಒಂದಿಷ್ಟು ಪಿಷ್ಟ ಬಲೆಯಿಂದ ತಪ್ಪಿಸಿಕೊಂಡು ಎಳೆಯ ಹೊರಮೈಗೆ ಬರುತ್ತದೆ. ಬಿಸಿ ಇರುವಾಗ ಅದು ಜಾರುತ್ತದೆ, ಸಾಸನ್ನು ಎಳೆಗೆ ಹಿಡಿಸುತ್ತದೆ. ಆರಿದರೆ ಅಂಟು. ದೀಪಾವಳಿಗೆ ಗೂಡುದೀಪಕ್ಕೆ ಮೈದಾ ಅಂಟು ಕಾಯಿಸುತ್ತೀರಲ್ಲ, ಅದೇ ಸಂಗತಿ. ಕೆಲವರು ಅಂಟಬಾರದು ಅಂತ ಕುದಿಯುವ ನೀರಿಗೆ ಎಣ್ಣೆ ಹಾಕುತ್ತಾರೆ. ಎಣ್ಣೆ ಮೇಲೆ ತೇಲುತ್ತದೆ, ಬಸಿಯುವಾಗ ಎಳೆಗೆ ಮೆತ್ತಿಕೊಂಡು ಸಾಸ್ ಹಿಡಿಯದ ಹಾಗೆ ಮಾಡುತ್ತದೆ. ಬೇಡ. ಅಂಟದೇ ಇರುವುದಕ್ಕೆ ಒಂದೇ ಉಪಾಯ, ಬೇಗ ಬಂದು ಕೂರುವುದು.

ಇಟಲಿಯಲ್ಲಿ ಒಂದು ರೂಢಿಯ ಮಾತಿದೆ. 'ಬುತ್ತಾ ಲಾ ಪಾಸ್ತಾ.' ಪಾಸ್ತಾ ನೀರಿಗೆ ಹಾಕು ಅಂತ. ಕೆಲಸ ಮುಗಿಸಿ ಮನೆಗೆ ಹೊರಟವರು ದಾರಿಯಿಂದ ಫೋನ್ ಮಾಡಿ ಹೇಳುತ್ತಾರೆ. ಹತ್ತು ನಿಮಿಷದಲ್ಲಿ ಬಾಗಿಲಲ್ಲಿರುತ್ತೇನೆ ಅಂತ ಅದರ ಅರ್ಥ. ಜನ ಬಂದು ಸೇರುವ ತನಕ ಪಾಸ್ತಾ ನೀರಿಗೆ ಬೀಳುವುದಿಲ್ಲ. ನೀರು ಕುದಿಯುತ್ತಾ ಕಾಯುತ್ತದೆ. ನಮ್ಮಲ್ಲಿ ಹೇಗೆ? ಅಡುಗೆ ಮುಗಿದಿರುತ್ತದೆ, ಮುಚ್ಚಿಟ್ಟಿರುತ್ತದೆ, ಬಂದವರು ಬಂದ ಹಾಗೆ ಉಣ್ಣುತ್ತಾರೆ.

ನಮ್ಮ ಒಳ್ಳೆಯ ತಿಂಡಿಗಳನ್ನೇ ತೆಗೆದುಕೊಳ್ಳಿ. ನನ್ನ ಹವ್ಯಕ ನೆರೆಮನೆಯಲ್ಲಿ ಬೆಳಿಗ್ಗೆ ತೆಳ್ಳೇವು. ಕಾಗದದಷ್ಟು ತೆಳ್ಳಗೆ, ಬೆಲ್ಲ ತುಪ್ಪದ ಜೊತೆ. ಅದರಷ್ಟು ರುಚಿ ಇನ್ನೊಂದಿಲ್ಲ ಅಂತ ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಆದರೆ ತೆಳ್ಳೇವು ಒಂದೊಂದೇ ಏಳುತ್ತದೆ. ಮನೆಯಲ್ಲಿ ಏಳು ಜನ. ಒಬ್ಬೊಬ್ಬರಿಗೆ ಐದಾರು. ಆ ಮನೆಯ ಅಕ್ಕ ಒಲೆಯ ಮುಂದೆ ಒಂದೂವರೆ ತಾಸು. "ಸಾಕಾ? ಇನ್ನೊಂದು?" ಅಂತ ಒಳಗಿಂದ ದನಿ. ಕೊನೆಗೆ ಹಿಟ್ಟು ಎಷ್ಟು ಉಳಿಯಿತೋ ಅಷ್ಟು ಅವರಿಗೆ. ದೋಸೆ, ಚಪಾತಿ, ಪೂರಿ ಎಲ್ಲದರ ಹಣೆಬರಹ ಇದೇ. ತಿನ್ನುವವರಿಗೆ ಬಿಸಿ ಸಿಗಬೇಕಾದರೆ ಮಾಡುವವರು ನಿಂತಿರಬೇಕು.

ಶ್ಯಾವಿಗೆ ಇದೆಯಲ್ಲ ಟೀಚರ್ ಅನ್ನುತ್ತೀರಿ. ಇದೆ. ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡಬೇಕು.

ಅಕ್ಕಿ ನೆನೆಸಬೇಕು. ನುಣ್ಣಗೆ ರುಬ್ಬಬೇಕು. ಆ ಹಿಟ್ಟನ್ನು ಒಲೆಯ ಮೇಲೆ ಗಟ್ಟಿಯಾಗುವ ತನಕ ಮಗುಚಬೇಕು. ತೋಳು ಬಿದ್ದುಹೋಗುತ್ತದೆ. ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಬೇಕು. ಬಿಸಿ ಇರುವಾಗಲೇ ಒರಳಿಗೆ ಹಾಕಿ ಒತ್ತಬೇಕು. ಒಬ್ಬರು ಒತ್ತಲು, ಒಬ್ಬರು ಕೆಳಗೆ ಎಳೆ ಹಿಡಿಯಲು, ಒಬ್ಬರು ಉಂಡೆ ತಂದುಕೊಡಲು. ಉಂಡೆ ಆರಿದರೆ ಯಾರ ಅಪ್ಪನಿಗೂ ಒತ್ತಲು ಬರುವುದಿಲ್ಲ. ಹಾಗಾಗಿ ಶ್ಯಾವಿಗೆ ದಿನ ಮನೆಯ ಗಂಡಸರೂ ಅಡುಗೆಮನೆಗೆ ಬರಲೇಬೇಕು. ವರ್ಷದಲ್ಲಿ ಬೇರೆ ಯಾವತ್ತೂ ಆ ಕಡೆ ತಲೆ ಹಾಕದ ದೊಡ್ಡಪ್ಪ ಪಂಚೆ ಮೇಲೆ ಕಟ್ಟಿಕೊಂಡು ಒರಳಿನ ಹಿಡಿಗೆ ಜೋತುಬೀಳುವುದನ್ನು ನೋಡುವುದೇ ಒಂದು ಹಬ್ಬ. ಒರಳಿನ ತಳದಲ್ಲಿ ತೂತಿನ ಬಿಲ್ಲೆ ಇರುತ್ತದೆ. ಇಟಲಿಯ ಹಳೇ ಪದ್ಧತಿಯ ಕಾರ್ಖಾನೆಗಳಲ್ಲೂ ಹಾಗೇ ಒಂದು ಬಿಲ್ಲೆ, ಕಂಚಿನದು. ಕಂಚಿನ ತೂತಿನಿಂದ ಬಂದ ಎಳೆಯ ಮೈ ಒರಟು, ಸಾಸ್ ಚೆನ್ನಾಗಿ ಹಿಡಿಯುತ್ತದೆ. ಟೆಫ್ಲಾನ್ ಬಿಲ್ಲೆಯಿಂದ ಬಂದದ್ದು ನುಣುಪು. ಅಂಗಡಿಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಒರಟಿನದ್ದು ಸ್ವಲ್ಪ ಬಿಳಿಚಿಕೊಂಡಂತೆ ಕಾಣುತ್ತದೆ.

ಒಣಗಿಸುವ ವಿಷಯಕ್ಕೂ ನಂಟಿದೆ. ನೇಪಲ್ಸ್ ಹತ್ತಿರ ಗ್ರಾನ್ಯಾನೊ ಅಂತ ಊರು. ಅಲ್ಲಿ ಹಿಂದೆ ಬೀದಿಯಲ್ಲೇ ಕೋಲುಗಳಿಗೆ ಪಾಸ್ತಾ ನೇತುಹಾಕಿ ಒಣಗಿಸುತ್ತಿದ್ದರು. ಗುಡ್ಡದ ಗಾಳಿ, ಸಮುದ್ರದ ಗಾಳಿ ಎರಡೂ ಸಿಗುವ ಜಾಗ. ನಮ್ಮ ಹಳಿಯಾಳ, ಮುಂಡಗೋಡದ ಕಡೆ ಬೇಸಿಗೆಯಲ್ಲಿ ಗೋಧಿ ಶ್ಯಾವಿಗೆ ಹೊಸೆದು ಕೋಲಿನ ಮೇಲೆ ಹಾಕುತ್ತಾರಲ್ಲ, ಅದೇ ನೋಟ. ಕಾರವಾರದಲ್ಲಿ ಆಗದು. ನಮ್ಮಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ.

ಇಷ್ಟೆಲ್ಲ ಆದ ಮೇಲೆ, ಒತ್ತು ಶ್ಯಾವಿಗೆ ತಿನ್ನುವಾಗ ಏನಾಗುತ್ತದೆ? ಮಾಡುವಾಗ ಎಲ್ಲರೂ ಇದ್ದರು. ತಿನ್ನುವಾಗ ಮತ್ತೆ ಪಂಕ್ತಿ. ಮೊದಲು ಗಂಡಸರು ಮಕ್ಕಳು, ಆಮೇಲೆ ಹೆಂಗಸರು. ಯಾಕೆಂದರೆ ಶ್ಯಾವಿಗೆ ಆರಿದರೂ ಚೆನ್ನಾಗಿಯೇ ಇರುತ್ತದೆ. ಕಾಯಿಹಾಲು ಬೆಲ್ಲಕ್ಕೂ ಆಗುತ್ತದೆ, ಸಂಜೆ ಒಗ್ಗರಣೆಗೂ ಆಗುತ್ತದೆ. ಅದು ಕಾಯುತ್ತದೆ. ಕಾಯುವ ಅಡುಗೆ ಇದ್ದಲ್ಲಿ ಕಾಯುವ ಹೆಂಗಸೂ ಇರುತ್ತಾಳೆ. ಇದು ನನ್ನ ಸಿದ್ಧಾಂತ. ಒಪ್ಪದವರು ಆಮೇಲೆ ಜಗಳಕ್ಕೆ ಬನ್ನಿ.

(ಇಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದರು. "ಅನ್ನ ಸಾರೂ ಒಂದೇ ಸಲಕ್ಕೆ ಆಗ್ತದಲ್ಲ ಟೀಚರ್? ಅದಕ್ಕೇನು ಹೇಳ್ತೀರಿ?")

ಒಳ್ಳೆಯ ಪ್ರಶ್ನೆ. ಅನ್ನ ಒಂದೇ ಸಲಕ್ಕೆ ಆಗುತ್ತದೆ. ಆದರೆ ಅದೂ ಕಾಯುತ್ತದೆ. ಆರಿದ ಅನ್ನಕ್ಕೆ ಬಿಸಿ ಸಾರು ಹಾಕಿದರೆ ಮುಗಿಯಿತು. ಹಾಗಾಗಿ "ನೀವು ಕೂತ್ಕೊಳ್ಳಿ, ನಂದು ಆಮೇಲೆ" ಅಂತ ಹೇಳಲು ಅನ್ನ ಅವಕಾಶ ಕೊಡುತ್ತದೆ. ಸ್ಪಾಗೆಟ್ಟಿ ಕೊಡುವುದಿಲ್ಲ. ಆ ಹಿರಿಯರು "ಹಾಗಾದ್ರೆ ತಪ್ಪು ಅನ್ನದ್ದಲ್ಲ" ಅಂದರು. ಅದು ನನ್ನ ಮಾತಿಗಿಂತ ಚೆನ್ನಾಗಿತ್ತು.

ಇಟಲಿಯ ಹೆಂಗಸರು ಆರಾಮಾಗಿದ್ದರು ಅಂತ ನಾನು ಹೇಳುತ್ತಿಲ್ಲ. ಸಾಸ್ ಬೆಳಿಗ್ಗೆಯಿಂದ ಒಲೆಯ ಮೇಲೆ ಇರುತ್ತಿತ್ತು, ಅದನ್ನು ತಿರುವುತ್ತಿದ್ದವಳು ಅಲ್ಲಿಯ ಆಯಿಯೇ. 1880ರಿಂದ 1920ರ ಒಳಗೆ ಸುಮಾರು 40 ಲಕ್ಷ ಇಟಲಿಯವರು ಅಮೆರಿಕಕ್ಕೆ ಹೋದರು. ಹೆಚ್ಚಿನವರು ದಕ್ಷಿಣದ ಬಡವರು. ಊರಲ್ಲಿ ಮಾಂಸ ಅಂದರೆ ಹಬ್ಬಕ್ಕೆ ಮಾತ್ರ. ಅಮೆರಿಕದಲ್ಲಿ ಮಾಂಸ ಅಗ್ಗ. ಸ್ಪಾಗೆಟ್ಟಿ ಮೇಲೆ ದೊಡ್ಡ ದೊಡ್ಡ ಮಾಂಸದ ಉಂಡೆ ಕೂತದ್ದು ಅಲ್ಲಿ. ಇಟಲಿಯಲ್ಲಿ ಉಂಡೆಯನ್ನು ಬೇರೆಯೇ ಬಡಿಸುತ್ತಾರೆ. ವಾರವಿಡೀ ಬೇರೆ ಬೇರೆ ಪಾಳಿಯಲ್ಲಿ ದುಡಿಯುವ ಮನೆಮಂದಿ ಭಾನುವಾರ ಒಂದು ಪಾತ್ರೆಯ ಸುತ್ತ ಸೇರುವುದು ಅಲ್ಲಿ ರೂಢಿಯಾಯಿತು. ಬಹುಶಃ ನಮ್ಮ ಹುಡುಗರು ಬೆಂಗಳೂರಿನಲ್ಲಿ ಕೂತು ಭಾನುವಾರ ಮೀನುಸಾರು ಮಾಡುವುದೂ ಅದೇ ಬಗೆಯದ್ದು. ಊರು ಬಿಟ್ಟ ಮೇಲೆ ಊರಿನ ಊಟ ದೊಡ್ಡದಾಗುತ್ತದೆ.

ಟೊಮೆಟೊ ಇಲ್ಲದೆ ಸ್ಪಾಗೆಟ್ಟಿ ಇಲ್ಲ ಅಂತ ನಮಗೆ ಅನ್ನಿಸುತ್ತದೆ. ಆದರೆ ಟೊಮೆಟೊ ಅಮೆರಿಕ ಖಂಡದ್ದು. ಅದು ಪಾಸ್ತಾ ಜೊತೆ ಸೇರಿ ಇನ್ನೂರು ಚಿಲ್ಲರೆ ವರ್ಷ ಅಷ್ಟೇ. ನಮಗೆ ಒಣಮೆಣಸು ಬಂದ ಹಾಗೆಯೇ. ಅದೂ ಅಮೆರಿಕದ್ದೇ, ಪೋರ್ಚುಗೀಸರು ತಂದದ್ದು, ಗೋವಾ ಇಲ್ಲೇ ಪಕ್ಕದಲ್ಲಿ. ರೋಮಿನವರು ಮಾಡುವ ಒಂದು ಸ್ಪಾಗೆಟ್ಟಿ ಇದೆ, 'ಕಾಚೊ ಎ ಪೆಪೆ'. ಬರೀ ಚೀಸು, ಕಾಳುಮೆಣಸು, ಬೆಂದ ನೀರು. ಕಾಳುಮೆಣಸು ಅಂದರೆ ನಮ್ಮದು, ಅಲ್ವಾ? ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತಲೇ ಕರೆದಿದ್ದರು. ನಿಮ್ಮ ತೋಟದ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯಿಂದ ನಾಲ್ಕು ಕಾಳು ಕುಟ್ಟಿ ಹಾಕಿ ಮಾಡಿದರೆ ಮೀನು ಮಾಂಸ ಬೆಳ್ಳುಳ್ಳಿ ಯಾವುದೂ ಬೇಡ. ಶಿರಸಿಗೆ ನಾನು ಶಿಫಾರಸು ಮಾಡುವ ಸ್ಪಾಗೆಟ್ಟಿ ಇದೇ.

ಇದನ್ನು ಬೈದವರೂ ಇದ್ದಾರೆ. 1930ರಲ್ಲಿ ಮರಿನೆಟ್ಟಿ ಅನ್ನುವ ಇಟಲಿಯ ಕವಿ, ಪಾಸ್ತಾ ತಿಂದು ನಮ್ಮ ಜನ ಸೋಮಾರಿಗಳಾಗಿದ್ದಾರೆ, ಇದನ್ನು ಬಿಡಬೇಕು ಅಂತ ಘೋಷಣೆ ಹೊರಡಿಸಿದ. ಯಾರೂ ಬಿಡಲಿಲ್ಲ. ಮಧ್ಯಾಹ್ನ ಉಂಡ ಮೇಲೆ ಬರುವ ನಿದ್ದೆಗೆ ಅನ್ನವನ್ನು ಬೈದವರನ್ನು ನಾವೂ ನೋಡಿದ್ದೇವೆ.

ಮಕ್ಕಳ ವಿಷಯ. ನಮ್ಮ ಮಕ್ಕಳು ಮ್ಯಾಗಿ ತಿನ್ನುತ್ತಾರಲ್ಲ, ಅದೂ ಇದೂ ಒಂದೇ ಅಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಮ್ಯಾಗಿ 1983ರಲ್ಲಿ ನಮ್ಮ ದೇಶಕ್ಕೆ ಬಂತು. ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅದರ ಪುಟ್ಟ ಪ್ಯಾಕೆಟ್ ನೋಡಿ. ಅದು ಒಬ್ಬರ ಊಟ. ಸ್ಕೂಲಿಂದ ಬಂದ ಮಗು ಒಂಟಿಯಾಗಿ ತಿನ್ನುವುದು. ಸ್ಪಾಗೆಟ್ಟಿ ಬರುವುದು 500 ಗ್ರಾಂ ಕಟ್ಟಿನಲ್ಲಿ. ಐದು ಜನಕ್ಕೆ ಸರಿ. ಒಬ್ಬರಿಗಾಗಿ ಅಷ್ಟು ದೊಡ್ಡ ಪಾತ್ರೆ ನೀರು ಕಾಯಿಸಲು ಮನಸ್ಸೇ ಬರುವುದಿಲ್ಲ.

ಮತ್ತೆ, ಇದನ್ನು ಮರ್ಯಾದೆಯಿಂದ ತಿನ್ನಲು ಆಗುವುದೇ ಇಲ್ಲ. ಫೋರ್ಕಿಗೆ ಸುತ್ತಿದರೂ ಒಂದು ಎಳೆ ಜೋತಾಡುತ್ತಿರುತ್ತದೆ. ಅದನ್ನು ಸುರ್ ಅಂತ ಎಳೆದುಕೊಳ್ಳಬೇಕು. ಹೆಡ್‌ಮಾಸ್ಟರಿಗೂ ಅದೇ ಗತಿ, ಒಂದನೇ ಕ್ಲಾಸಿನ ಮಾಣಿಗೂ ಅದೇ ಗತಿ. ನೇಪಲ್ಸ್‌ನ ಬೀದಿಯಲ್ಲಿ ಹಿಂದೆ ಜನ ಕೈಯಲ್ಲೇ ಎತ್ತಿ ಬಾಯಿಗೆ ಇಳಿಸುತ್ತಿದ್ದರು. ನೀವೂ ಕೈಯಲ್ಲೇ ತಿನ್ನಿ, ಯಾರೂ ಏನೂ ಅನ್ನುವುದಿಲ್ಲ.

(ಇಲ್ಲಿ ಒಂದು ಕಟ್ಟು ಬಿಚ್ಚಿ ಮುಂದೆ ಕೂತಿದ್ದ ಮಕ್ಕಳಿಗೆಲ್ಲ ಒಂದೊಂದು ಕಡ್ಡಿ ಕೊಟ್ಟೆ. ಎರಡೂ ತುದಿ ಹಿಡಿದು ಬಗ್ಗಿಸಿ, ಎರಡೇ ತುಂಡು ಮಾಡಿ ಅಂದೆ. ಒಬ್ಬರಿಗೂ ಆಗಲಿಲ್ಲ. ಮೂರು, ನಾಲ್ಕು ತುಂಡು. ಸಭೆಯ ನೆಲವೆಲ್ಲ ಚೂರು.)

ನೋಡಿದಿರಲ್ಲ. ರಿಚರ್ಡ್ ಫೈನ್‌ಮನ್ ಅಂಥ ನೊಬೆಲ್ ವಿಜ್ಞಾನಿಯೂ ಇದೇ ಆಟ ಆಡಿ ಸೋತಿದ್ದರು. 2005ರಲ್ಲಿ ಇಬ್ಬರು ಫ್ರೆಂಚ್ ವಿಜ್ಞಾನಿಗಳು ಕಾರಣ ಹೇಳಿದರು. ಕಡ್ಡಿ ಒಂದು ಕಡೆ ಮುರಿದ ಕೂಡಲೇ ಉಳಿದ ಭಾಗ ನೆಟ್ಟಗಾಗಲು ಹೋಗುತ್ತದೆ. ಆಗ ಅದರಲ್ಲಿ ಒಂದು ಅಲೆ ಓಡುತ್ತದೆ. ಆ ಅಲೆಯೇ ಇನ್ನೊಂದು ಕಡೆ ಮುರಿಯುತ್ತದೆ. 2018ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಎರಡೇ ತುಂಡು ಮಾಡಿ ತೋರಿಸಿದರು. ಮೊದಲು ಕಡ್ಡಿಯನ್ನು ಮುಕ್ಕಾಲು ಸುತ್ತು ತಿರುಚಿ, ಆಮೇಲೆ ನಿಧಾನ ಬಗ್ಗಿಸಬೇಕು. ಕೈಯಲ್ಲಿ ಆಗುವ ಕೆಲಸವಲ್ಲ, ಅದಕ್ಕೊಂದು ಯಂತ್ರ ಮಾಡಿಕೊಂಡಿದ್ದರು. ನಮ್ಮಾಯಿ ಪಾಯಸಕ್ಕೆ ಮುರಿದಾಗ ಅಡುಗೆಮನೆ ತುಂಬ ಚೂರು ಹಾರಿದ್ದು ಯಾಕೆ ಅಂತ ನನಗೆ ಗೊತ್ತಾಗಲು 33 ವರ್ಷ ಬೇಕಾಯಿತು.

ಕೊನೆಯಲ್ಲಿ ಪ್ರಶ್ನೆಗಳು ಬಂದವು. ಉಳಿದರೆ ಏನು ಮಾಡುವುದು ಅಂತ ಒಬ್ಬರು ಕೇಳಿದರು. ನೇಪಲ್ಸ್‌ನವರು ಮೊಟ್ಟೆ ಕಲಸಿ ಬಾಣಲೆಯಲ್ಲಿ ದಪ್ಪ ದೋಸೆಯ ಹಾಗೆ ಎರಡೂ ಕಡೆ ಕಾಯಿಸುತ್ತಾರೆ. ಮೊಟ್ಟೆ ತಿನ್ನದವರು ಸಾಸಿವೆ, ಉದ್ದಿನಬೇಳೆ, ಕರಿಬೇವಿನ ಒಗ್ಗರಣೆ ಕೊಡಿ, ಲಿಂಬೆ ಹಿಂಡಿ. ಬಾಸ್ಮತಿ ಚಿತ್ರಾನ್ನಕ್ಕಿಂತ ಚೆನ್ನಾಗಿರುತ್ತದೆ. ಮಾಂಸದ ಬೊಲೊನೀಸ್ ಸಾಸ್ ಹಾಕಿ ಸ್ಪಾಗೆಟ್ಟಿ ಹೇಗೆ ಮಾಡುವುದು ಅಂತ ಒಬ್ಬ ಹುಡುಗ ಕೇಳಿದ. ಬೊಲೊನ್ಯ ಊರಿನವರು ಆ ಸಾಸನ್ನು ಸ್ಪಾಗೆಟ್ಟಿಗೆ ಹಾಕುವುದೇ ಇಲ್ಲ, ಅಗಲ ಪಟ್ಟಿಯ ತಾಲಿಯಾತೆಲ್ಲೆಗೆ ಹಾಕುತ್ತಾರೆ ಅಂತ ಹೇಳಿದೆ. ಅವನಿಗೆ ಬೇಜಾರಾಯಿತು. ನಿನಗೆ ಇಷ್ಟ ಆದರೆ ಹಾಕ್ಕೋ ಮಾರಾಯ ಅಂದೆ.

ಆಮೇಲೆ ಒಬ್ಬ ಹುಡುಗಿ ಕೇಳಿದಳು. "ನಿಮ್ಮನೆಲಿ ಈಗ ಯಾರು ಮಾಡ್ತಾರೆ ಟೀಚರ್?"

ನನ್ನ ಮಗ ಮಾಡುತ್ತಾನೆ. ರಜೆಗೆ ಬಂದಾಗೆಲ್ಲ ಮಾಡುತ್ತಾನೆ. ಅವನ ಅಜ್ಜನ ಮನೆಯ ಕಥೆ ಅವನಿಗೆ ಬಾಯಿಪಾಠ. ಬಸಿದು, ತಟ್ಟೆ ಹಾಕಿ, ಅಡುಗೆಮನೆ ಬಾಗಿಲಲ್ಲಿ ನಿಂತು "ಆಯಿ, ಬಾ" ಅಂತ ಕೂಗುತ್ತಾನೆ. ನಾನು "ಬಂದೆ" ಅನ್ನುತ್ತೇನೆ. ಹಿಂದಿನ ಬಾಗಿಲು ಹಾಕುವುದಿರುತ್ತದೆ, ಬಟ್ಟೆ ಒಳಗೆ ತರುವುದಿರುತ್ತದೆ, ಬೆಕ್ಕಿಗೆ ಹಾಲು ಇಡುವುದಿರುತ್ತದೆ. ಹೋಗುವಷ್ಟರಲ್ಲಿ ನನ್ನ ತಟ್ಟೆಯದ್ದು ಗಂಟು. ಅವನು ಏನೂ ಅನ್ನುವುದಿಲ್ಲ. ತೆಗೆದಿಟ್ಟ ಬಿಸಿನೀರು ಎರಡು ಚಮಚ ಹಾಕಿ, ಫೋರ್ಕಿನಲ್ಲಿ ಬಿಡಿಸಿ ಕೊಡುತ್ತಾನೆ.